ಒಳಗಿಳಿದ ನೀರಿನ ಲೆಕ್ಕ

ಚಳ್ಳಕೆರೆ ಬಂತೆಂದು ಆಗೆಲ್ಲ ಬಸ್ಸಿನಲ್ಲಿ ಯಾರೂ ಕೂಗಿ ಹೇಳಬೇಕಾಗಿರಲಿಲ್ಲ. ಶೇಂಗಾ ಎಣ್ಣೆ ಮಿಲ್ಲುಗಳ ವಾಸನೆ ಊರಿಗಿಂತ ಮೊದಲೇ ಕಿಟಕಿಯೊಳಗೆ ಬಂದು ಕೂರುತ್ತಿತ್ತು. ಹೋದ ವರ್ಷ ಬಳ್ಳಾರಿಯಲ್ಲಿ ಒಂದು ಮದುವೆ ಮುಗಿಸಿ ಹಿಂದಿರುಗುವಾಗ ನಮ್ಮ ಬಸ್ಸು ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಮಿಲ್ಲುಗಳು ಬಹಳಷ್ಟು ಮುಚ್ಚಿಹೋಗಿವೆ. ಆದರೂ ಎಲ್ಲೋ ಒಂದು ಗಾಣ ತಿರುಗುತ್ತಿರಬೇಕು. ಬಿಸಿ ಹಿಂಡಿಯ ಆ ಹಳೆಯ ವಾಸನೆ ತೆಳ್ಳಗೆ ಮೂಗಿಗೆ ಬಡಿಯಿತು. ಪಕ್ಕದ ಸೀಟಿನ ಹುಡುಗಿ ಮೂಗು ಮುಚ್ಚಿಕೊಂಡಳು. ನನಗೆ ಮಾತ್ರ ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ, ಶ್ರಾವಣದಿಂದ ದೀಪಾವಳಿಯವರೆಗಿನದು, ಇದ್ದಕ್ಕಿದ್ದಂತೆ ನೆನಪಾಯಿತು.

ನಾನು ಅರಿವಳಿಕೆ ತಜ್ಞೆ. ಆ ಕಡೆಯ ಜನರ ಬಾಯಲ್ಲಿ 'ಮತ್ತು ಕೊಡೋ ಡಾಕ್ಟ್ರಮ್ಮ'. ನನ್ನ ಯಜಮಾನರಿಗೆ ಚಳ್ಳಕೆರೆಗೆ ವರ್ಗವಾದ್ದರಿಂದ ನಾನೂ ಹೋದೆ. ಸಣ್ಣ ಊರುಗಳಲ್ಲಿ ನಮ್ಮಂಥವರಿಗೆ ಒಂದೇ ಆಸ್ಪತ್ರೆ ಎಂದಿರುವುದಿಲ್ಲ. ಔಷಧಿಯ ಬ್ಯಾಗು ಹಿಡಿದು, ಯಾರು ಕರೆದರೆ ಅವರಲ್ಲಿಗೆ ಹೋಗಬೇಕು. ನಾನು ಹೆಚ್ಚಾಗಿ ಹೋಗುತ್ತಿದ್ದದ್ದು ಬಳ್ಳಾರಿ ರಸ್ತೆಯಲ್ಲಿದ್ದ ಒಂದು ನರ್ಸಿಂಗ್ ಹೋಮಿಗೆ. ಅದನ್ನು ಕಟ್ಟಿಸಿದವರು ಡಾಕ್ಟರ್ ಶಿವಶಂಕರ. ಹತ್ತಿರದ ತಳಕು ಎಂಬ ಊರಿನಲ್ಲಿ ಅವರ ತಂದೆಗೆ ಬಟ್ಟೆ ಅಂಗಡಿ ಇತ್ತು. ಇವರು ಹೊರಗೆ ಓದಿ, ದೊಡ್ಡ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ, ತಮ್ಮ ಸೀಮೆಯ ಜನಕ್ಕೆ ಇಲ್ಲೇ ಎಲ್ಲವೂ ಸಿಗಬೇಕು ಎಂದು ವಾಪಸು ಬಂದಿದ್ದರು. ಕೈ ಬಹಳ ಚುರುಕು. ಆ ಚುರುಕಿನ ಬಗ್ಗೆ ಅವರಿಗೆ ಹೆಮ್ಮೆಯೂ ಇತ್ತು.

ಆ ವರ್ಷ ಅವರು ಹೊಸದಾಗಿ ಪ್ರಾಸ್ಟೇಟ್ ಗ್ರಂಥಿಯ ಆಪರೇಷನ್ ಶುರು ಮಾಡಿದ್ದರು. ಗಂಡಸರಿಗೆ ಮೂತ್ರಕೋಶದ ಬಾಯಲ್ಲಿ ಒಂದು ಗ್ರಂಥಿ ಇರುತ್ತದೆ. ವಯಸ್ಸಾದಂತೆ ಅದು ಊದಿ ಮೂತ್ರದ ದಾರಿಯನ್ನು ಅಮುಕುತ್ತದೆ. ಕೊನೆಗೊಂದು ದಿನ ಹನಿಯೂ ಬರದೆ, ಹೊಟ್ಟೆ ಕಲ್ಲಾಗಿ, ಮುದುಕರು ಗೋಳಾಡುತ್ತ ಆಸ್ಪತ್ರೆಗೆ ಬರುತ್ತಾರೆ. ಮೊದಲೆಲ್ಲ ಹೊಟ್ಟೆ ಕೊಯ್ದು ತೆಗೆಯುತ್ತಿದ್ದರು. ಹೊಸ ವಿಧಾನದಲ್ಲಿ ಕೊಯ್ಯುವುದೇ ಇಲ್ಲ. ಮೂತ್ರದ ದಾರಿಯಲ್ಲೇ ಒಂದು ಕೊಳವೆ ತೂರಿಸಿ, ಅದಕ್ಕೆ ಕಣ್ಣಿಟ್ಟು ನೋಡುತ್ತ, ಅದರ ತುದಿಯ ತಂತಿಗೆ ಕರೆಂಟು ಹರಿಸಿ, ಗ್ರಂಥಿಯನ್ನು ಒಳಗಿನಿಂದ ಚೂರುಚೂರಾಗಿ ಹೆರೆದು ತೆಗೆಯುತ್ತಾರೆ. ಹೆರೆಯುವಾಗ ರಕ್ತ ಬರುತ್ತದೆ. ಅದು ಕಣ್ಣಿಗೆ ಅಡ್ಡ ಬರದಂತೆ, ಸ್ಟ್ಯಾಂಡಿಗೆ ತೂಗುಹಾಕಿದ ಕ್ಯಾನಿನಿಂದ ದ್ರಾವಣ ಎಡೆಬಿಡದೆ ಹರಿದು ಒಳಗನ್ನು ತೊಳೆಯುತ್ತಿರಬೇಕು. ಉಪ್ಪುನೀರು ಹರಿಸಿದರೆ ಕರೆಂಟು ಅದರಲ್ಲೇ ಹಂಚಿಹೋಗುತ್ತದೆ ಎಂದು ಆಗ ಗ್ಲೈಸಿನ್ ಎಂಬ ಉಪ್ಪಿಲ್ಲದ ದ್ರಾವಣ ಬಳಸುತ್ತಿದ್ದೆವು. ತೊಂದರೆ ಇದ್ದದ್ದು ಅಲ್ಲೇ. ಹೆರೆದ ಜಾಗದಲ್ಲಿ ರಕ್ತನಾಳಗಳ ಬಾಯಿ ತೆರೆದಿರುತ್ತದೆ. ಹರಿಯುವ ನೀರಿನಲ್ಲಿ ಒಂದಷ್ಟು ಆ ಬಾಯಿಗಳಿಂದ ಮೈಯೊಳಗೆ ಇಳಿಯುತ್ತದೆ. ಕ್ಯಾನು ಎಷ್ಟು ಎತ್ತರವೋ ಒತ್ತಡ ಅಷ್ಟು ಜಾಸ್ತಿ. ಆಪರೇಷನ್ ಎಷ್ಟು ಹೊತ್ತೋ ಇಳಿಯುವ ನೀರು ಅಷ್ಟು ಹೆಚ್ಚು. ಹೆಚ್ಚಾದರೆ ರಕ್ತ ತೆಳುವಾಗಿ ಅದರಲ್ಲಿನ ಉಪ್ಪು ಕುಸಿಯುತ್ತದೆ, ಮಿದುಳು ಊದುತ್ತದೆ, ಪ್ರಾಣಕ್ಕೂ ಸಂಚಕಾರ. ಇದೆಲ್ಲ ಪುಸ್ತಕದಲ್ಲಿ ಓದಿ ನನಗೆ ಗೊತ್ತಿತ್ತು, ಶಿವಶಂಕರರಿಗೂ ಗೊತ್ತಿತ್ತು. ಕಣ್ಣಾರೆ ಕಂಡಿರಲಿಲ್ಲ.

ಶ್ರಾವಣದಲ್ಲಿ ಮೊಳಕಾಲ್ಮೂರಿನಿಂದ ನರಸಿಂಹಪ್ಪ ಎಂಬ ನೇಕಾರರು ಬಂದರು. ಅರವತ್ತು ದಾಟಿದ, ತೆಳ್ಳನೆಯ ಮೈಕಟ್ಟಿನ ಮನುಷ್ಯ. ರೇಷ್ಮೆ ಸೀರೆ ನೇಯುವವರು. ಮನೆಮಾತು ತೆಲುಗು; ನಮ್ಮೊಂದಿಗೆ ಆಡುವ ಕನ್ನಡದಲ್ಲೂ ನಡುನಡುವೆ ತೆಲುಗು ಇಣುಕುತ್ತಿತ್ತು. ಜೊತೆಯಲ್ಲಿ ಹೆಂಡತಿ ರಾಮಕ್ಕ. ಮಕ್ಕಳಿರಲಿಲ್ಲ. ಮೂತ್ರ ಕಟ್ಟಿ, ಟ್ಯೂಬು ಹಾಕಿಸಿಕೊಂಡೇ ಬಂದಿದ್ದರು. ಅದರ ಚೀಲವನ್ನು ರಾಮಕ್ಕ ಸೆರಗಿನಲ್ಲಿ ಮುಚ್ಚಿ ಹಿಡಿದುಕೊಂಡಿದ್ದರು, ಗಂಡನ ಮಾನ ತನ್ನ ಕೈಯಲ್ಲಿದೆ ಎನ್ನುವಂತೆ.

ಮಾರನೆಯ ಬೆಳಿಗ್ಗೆ ಆಪರೇಷನ್. ಬೆನ್ನಿಗೆ ಸೂಜಿ ಕೊಟ್ಟು ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸಿದ್ದೆ. ರೋಗಿ ಎಚ್ಚರವಾಗಿದ್ದು ಮಾತಾಡುತ್ತಿದ್ದರೆ ಅವರ ಸ್ಥಿತಿ ನಮಗೆ ತಿಳಿಯುತ್ತದೆ. ನಾನು ಅವರ ತಲೆಯ ಹತ್ತಿರ ಕೂತು ಮಗ್ಗದ ವಿಷಯ ಕೇಳಿದೆ. ಅವರು ಉತ್ಸಾಹದಿಂದಲೇ ಹೇಳಿದರು. ಅಂಚಿಗೆ ಬೇರೆ ಲಾಳಿ, ಮೈಗೆ ಬೇರೆ ಲಾಳಿ. ಸೆರಗಿನ ಬುಟ್ಟಾಗಳಿಗೆ ಒಂದೊಂದಕ್ಕೂ ನೂಲು ಸುತ್ತಿದ ಬೇರೆ ಬೇರೆ ಕಂಡಿಕೆ. ಹೇಳುತ್ತ ಹೇಳುತ್ತ ಆಕಳಿಸಿದರು. ಮತ್ತೊಮ್ಮೆ ಆಕಳಿಸಿದರು. ಮಾತು ನಿಧಾನವಾಯಿತು.

"ತಾತ, ಏನಾಗ್ತಿದೆ?" ಎಂದೆ.

"ಏನೂ ಇಲ್ಲಮ್ಮ. ಮುಖ ಎಲ್ಲಾ ಚುರುಚುರು ಅಂತೈತೆ. ಹೊಟ್ಟೆ ತೊಳಸ್ತೈತೆ."

ನಾಡಿ ಇಳಿಯುತ್ತಿತ್ತು, ರಕ್ತದೊತ್ತಡ ಏರುತ್ತಿತ್ತು. ನಾನು ಎದ್ದು ನಿಂತೆ. ಅಷ್ಟರಲ್ಲಿ ಅವರು ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿ, ಯಾರನ್ನೂ ಉದ್ದೇಶಿಸದೆ ಕೇಳಿದರು:

"ಕರೆಂಟು ಪೋಯಿಂದಾ?"

ಕರೆಂಟು ಹೋಯಿತೇ ಎಂದು ಆ ಊರಲ್ಲಿ ಎಲ್ಲರೂ ದಿನಕ್ಕೆ ಹತ್ತು ಸಲ ಕೇಳುತ್ತಿದ್ದರು. ಸಿಸ್ಟರ್ ಸರೋಜ ರೂಢಿಯ ಮೇಲೆ ಉತ್ತರ ಕೊಟ್ಟಳು. "ಇಲ್ಲ ತಾತ, ಐತಲ್ಲ."

"ಎಲ್ಲೈತೆ? ಕತ್ತಲೆ ಐತೆ."

ಆಪರೇಷನ್ ಟೇಬಲ್ಲಿನ ಮೇಲಿನ ದೊಡ್ಡ ದೀಪ ಉರಿಯುತ್ತಲೇ ಇತ್ತು. ಸರೋಜ ಅದನ್ನೊಮ್ಮೆ ತಲೆಯೆತ್ತಿ ನೋಡಿ, ನನ್ನನ್ನು ನೋಡಿದಳು. ನಾನು ಟಾರ್ಚು ತೆಗೆದು ಅವರ ಕಣ್ಣಿಗೆ ಬಿಟ್ಟೆ. ಕಣ್ಣಪಾಪೆಗಳು ಅಗಲವಾಗಿ ಹಾಗೇ ನಿಂತಿದ್ದವು. ಕಿರಿದಾಗಲಿಲ್ಲ. ಅವರು ರೆಪ್ಪೆಯನ್ನೂ ಮಿಟುಕಿಸಲಿಲ್ಲ.

"ಸರ್, ನಿಲ್ಲಿಸಿ."

ಶಿವಶಂಕರ ಕೊಳವೆಯಿಂದ ಕಣ್ಣು ತೆಗೆಯಲಿಲ್ಲ. "ಇನ್ನೊಂದು ಸ್ವಲ್ಪ ಮೇಡಂ. ಒಂದು ಬದಿ ಹಾಗೇ ಉಳಿದಿದೆ."

"ಪೇಷೆಂಟಿಗೆ ಕಣ್ಣು ಕಾಣ್ತಿಲ್ಲ."

ಆಗ ಅವರು ನಿಲ್ಲಿಸಿದರು. ರಕ್ತ ಒಸರುವ ಕಡೆ ಸುಟ್ಟು ಮುಚ್ಚಿ, ಟ್ಯೂಬು ಹಾಕಿ, ಕೊಳವೆ ಹೊರಗೆ ತೆಗೆದರು. ನೀರು ಇಳಿಸುವ ಇಂಜೆಕ್ಷನ್ ಕೊಟ್ಟೆ. ಆಮ್ಲಜನಕ ಹಾಕಿದೆ. ರಕ್ತದ ಉಪ್ಪು ಅಳೆಯುವ ಯಂತ್ರ ಚಳ್ಳಕೆರೆಯಲ್ಲಿ ಇರಲಿಲ್ಲ. ಒಂದು ಸೀಸೆ ರಕ್ತವನ್ನು ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟು ಚಿತ್ರದುರ್ಗಕ್ಕೆ ಕಳಿಸಿದೆವು. ಅಲ್ಲಿಂದ ಫೋನು ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಉಪ್ಪು ನಾವು ಹೆದರಿದ್ದಷ್ಟೇ ಕೆಳಗಿತ್ತು. ಆ ಫೋನು ಬರುವ ಮುಂಚೆಯೇ ಗಟ್ಟಿ ಉಪ್ಪಿನ ದ್ರಾವಣವನ್ನು ಹನಿಹನಿಯಾಗಿ ಶುರು ಮಾಡಿದ್ದೆ. ಬೇಗ ಏರಿಸಿದರೂ ಅಪಾಯ, ಏರಿಸದಿದ್ದರೂ ಅಪಾಯ. ಮಂಚದ ಪಕ್ಕದಲ್ಲಿ ಕೂತು ಹನಿ ನೋಡುವುದೇ ಕೆಲಸವಾಯಿತು.

ಕಣ್ಣಿನ ವಿಷಯ ಬೇರೆ. ಗ್ಲೈಸಿನ್ ರಕ್ತದಲ್ಲಿ ಹೆಚ್ಚಾದರೆ ಕಣ್ಣಿನ ಒಳಪರದೆ ಕೆಲವು ಗಂಟೆ ಕೆಲಸ ನಿಲ್ಲಿಸುತ್ತದೆ, ಆಮೇಲೆ ತಾನಾಗಿ ಸರಿಹೋಗುತ್ತದೆ ಎಂದು ಓದಿದ್ದೆ. ಓದಿದ್ದನ್ನು ರಾಮಕ್ಕನಿಗೆ ಹೇಳಿದೆ. ಆಕೆ ಕೇಳಿದ್ದು ಬೇರೆ.

"ಕೆಳಗಿನ ಆಪರೇಷನ್ನಿಗೆ ಕಣ್ಣು ಯಾಕಮ್ಮ ಹೋಗ್ತೈತೆ?"

"ತೊಳೆಯೋ ನೀರು ಒಳಗೆ ಹೋಗಿದೆ, ರಾಮಕ್ಕ."

"ಹೋಗೋವರೆಗೂ ನೀವು ಏನ್ ಮಾಡ್ತಿದ್ರಿ?"

ಶಿವಶಂಕರ ಮಂಚದ ಕಾಲಕಡೆ ನಿಂತಿದ್ದರು. ಊಟಕ್ಕೂ ಮನೆಗೆ ಹೋಗಲಿಲ್ಲ. ಸುದ್ದಿ ಹಬ್ಬಿ, ಚಳ್ಳಕೆರೆಯಲ್ಲಿದ್ದ ನರಸಿಂಹಪ್ಪನವರ ಸಂಬಂಧಿಕರು ನಾಲ್ಕಾರು ಜನ ಬಂದು ಬಾಗಿಲಲ್ಲಿ ನಿಂತರು. "ನೇಕಾರನ ಕಣ್ಣು ತೆಗೆದ್ರೆ ಕೈ ಕಡಿದಂಗೆ ಅಲ್ವೇನ್ರಿ?" ಎಂದು ಒಬ್ಬ ಏರುದನಿಯಲ್ಲಿ ಕೇಳಿದ. ಶಿವಶಂಕರ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಲಿಲ್ಲ.

ಗಲಾಟೆ ಮಾಡದೆ ಇದ್ದವರೆಂದರೆ ನರಸಿಂಹಪ್ಪ ಒಬ್ಬರೇ. ಕಣ್ಣು ತೆರೆದುಕೊಂಡು, ಒಂದು ಕೈಯಿಂದ ಮಂಚದ ಕಂಬಿ ಹಿಡಿದು ಮಲಗಿದ್ದರು. ಆಗಾಗ "ರಾಮೀ" ಎಂದು ಕರೆಯುತ್ತಿದ್ದರು. ಆಕೆ "ಇಲ್ಲೇ ಇದ್ದೀನಿ" ಎನ್ನುತ್ತಿದ್ದರು. ಅಷ್ಟೇ ಮಾತು.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಅವರು ಮುಖವನ್ನು ಪಶ್ಚಿಮದ ಕಿಟಕಿಯ ಕಡೆ ತಿರುಗಿಸಿದರು. "ಅಲ್ಲೇನೋ ಬೆಳ್ಳಗೈತೆ" ಎಂದರು. ಯಾರೂ ಅಲುಗಾಡಲಿಲ್ಲ. ಇನ್ನೂ ಸ್ವಲ್ಪ ಹೊತ್ತಿಗೆ ಯಾರೋ ಓಡಾಡುವುದು ನೆರಳಿನಂತೆ ಕಾಣುತ್ತದೆ ಎಂದರು. ಆಮೇಲೆ ರಾಮಕ್ಕನ ಸೆರಗನ್ನು ಕೈಯಲ್ಲಿ ತಡಕಿ ಹಿಡಿದು, ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡು ಬಹಳ ಹೊತ್ತು ನೋಡಿದರು.

"ಬದನೆಕಾಯಿ ಬಣ್ಣ," ಎಂದರು.

ರಾಮಕ್ಕ ಬಾಯಿ ಮುಚ್ಚಿಕೊಂಡು ಹೊರಗೆ ಹೋದರು. ಶಿವಶಂಕರ ಗೋಡೆಗೆ ಒರಗಿ ನಿಂತವರು ಅಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಬೆಳಿಗ್ಗೆಯಿಂದ ಅವರು ಕೂತದ್ದು ಅದೇ ಮೊದಲು ಎಂದು ನಾನು ಗಮನಿಸಿದೆ.

ಕಣ್ಣು ಪೂರ್ತಿ ಬಂತು. ಆದರೆ ಆಪರೇಷನ್ ಅರ್ಧದಲ್ಲಿ ನಿಂತಿತ್ತು. ಕೆಲವು ದಿನ ಬಿಟ್ಟು ಟ್ಯೂಬು ತೆಗೆದಾಗ ಮೂತ್ರ ಹೋಗಲಿಲ್ಲ, ಮತ್ತೆ ಹಾಕಬೇಕಾಯಿತು. ಉಳಿದ ಭಾಗಕ್ಕೆ ಇನ್ನೊಮ್ಮೆ ಟೇಬಲ್ ಹತ್ತಬೇಕು ಎಂದು ಶಿವಶಂಕರ ಹೇಳಿದರು. ನರಸಿಂಹಪ್ಪ ಕೈ ಮುಗಿದು, "ನೋಡಾಣ ಸಾರ್" ಎಂದರು. ಆ ಮಾತಿಗೆ ಬರುವುದಿಲ್ಲ ಎಂದೇ ಅರ್ಥ. ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡು ರಾಮಕ್ಕ ಮೊಳಕಾಲ್ಮೂರಿನ ಬಸ್ಸು ಹತ್ತಿದರು.

ಮುಂದಿನ ಕೆಲವು ವಾರ ನನಗೂ ಶಿವಶಂಕರರಿಗೂ ನಡೆದದ್ದು ಜಗಳ ಎಂದರೆ ಜಗಳ, ಕೆಲಸ ಎಂದರೆ ಕೆಲಸ. ಕ್ಯಾನು ತೂಗುಹಾಕುವ ಸ್ಟ್ಯಾಂಡನ್ನು ತಗ್ಗಿಸಬೇಕು ಎಂದೆ. "ತಗ್ಗಿಸಿದ್ರೆ ನೀರಿಗೆ ಜೋರು ಇರಲ್ಲ ಮೇಡಂ. ಒಳಗೆ ಕೆಂಪು ಬಿಟ್ರೆ ಬೇರೇನೂ ಕಾಣಲ್ಲ," ಎಂದರು. ತಗ್ಗಿಸಿ, ರಕ್ತವನ್ನು ಆಗಿಂದಾಗ್ಗೆ ಸುಟ್ಟು ನಿಲ್ಲಿಸುತ್ತ, ನಿಧಾನವಾಗಿ ಹೋಗುವುದನ್ನು ಅವರು ರೂಢಿ ಮಾಡಿಕೊಳ್ಳಬೇಕಾಯಿತು. ಕೈ ಚುರುಕಿದ್ದವರಿಗೆ ಅದು ಕಷ್ಟ. ಗಂಟೆಯ ಒಳಗೆ ಮುಗಿಯಲೇಬೇಕು, ಮುಗಿಯದಿದ್ದರೆ ಉಳಿದದ್ದು ಇನ್ನೊಂದು ದಿನಕ್ಕೆ ಎಂದೆ. ಅದಕ್ಕೂ ಗೊಣಗಿದರು. ಹೋದ ನೀರೆಷ್ಟು, ಹೊರಗೆ ಬಂದ ನೀರೆಷ್ಟು ಎಂದು ಅಳೆದು ಕಳೆದರೆ ಒಳಗೆ ಉಳಿದದ್ದು ತಿಳಿಯುತ್ತದೆ. ಹೇಳುವುದಕ್ಕೆ ಸುಲಭ. ಅರ್ಧ ನೀರು ನೆಲದ ಮೇಲೆ ಚೆಲ್ಲಿ ನಮ್ಮ ಚಪ್ಪಲಿ ತೋಯಿಸುತ್ತಿತ್ತು. ಸರೋಜ ಟೇಬಲ್ಲಿನ ಅಂಚಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ ಎಲ್ಲವೂ ಬಕೆಟ್ಟಿಗೇ ಬೀಳುವಂತೆ ಮಾಡಿದಳು. ಆದರೂ ಅದರಲ್ಲಿ ರಕ್ತ ಬೆರೆತಿರುತ್ತಿತ್ತು, ಲೆಕ್ಕ ಸರಿಯಾಗಿ ಕೂರುತ್ತಿರಲಿಲ್ಲ. ಕೂಡಿ ಕಳೆದು ಮುಗಿಯುವಷ್ಟರಲ್ಲಿ ಆಪರೇಷನ್ನೂ ಮುಗಿದಿರುತ್ತಿತ್ತು.

ಬೆಂಗಳೂರಿನಲ್ಲಿದ್ದ ನನ್ನ ಗುರುಗಳಿಗೆ ಫೋನು ಮಾಡಿದೆ. ಅವರು ಒಂದು ಉಪಾಯ ಹೇಳಿದರು. ತೊಳೆಯುವ ದ್ರಾವಣದಲ್ಲಿ ಅಳತೆ ಮಾಡಿ ಚೂರು ಶುದ್ಧ ಮದ್ಯಸಾರ ಬೆರೆಸಬೇಕು. ದ್ರಾವಣ ರಕ್ತಕ್ಕೆ ಇಳಿದರೆ ಮದ್ಯಸಾರವೂ ಇಳಿಯುತ್ತದೆ. ರಕ್ತಕ್ಕೆ ಇಳಿದದ್ದು ಉಸಿರಿನಲ್ಲಿ ಬರುತ್ತದೆ. ರೋಗಿಯಿಂದ ಆಗಾಗ ಒಂದು ಪುಟ್ಟ ಯಂತ್ರದೊಳಗೆ ಊದಿಸಿದರೆ ಒಳಗೆ ಎಷ್ಟು ನೀರು ಹೋಗುತ್ತಿದೆ ಎಂದು ಆ ಕ್ಷಣದಲ್ಲೇ ತಿಳಿಯುತ್ತದೆ. ಅವರೇ ವಿದೇಶದಿಂದ ತಂದಿದ್ದ ಅಂಥ ಒಂದು ಯಂತ್ರವನ್ನು ಕೊರಿಯರ್ ಮಾಡಿದರು.

ಶಿವಶಂಕರ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ ನಕ್ಕರು. "ಕುಡುಕರನ್ನ ಹಿಡಿಯೋ ಮಿಷನ್ ಅಲ್ವಾ ಇದು?"

"ಹೌದು. ಇದು ಏರಿದರೆ ನಾನು ನಿಲ್ಲಿಸಿ ಅಂತೀನಿ. ಅಂದಾಗ ನೀವು ನಿಲ್ಲಿಸಬೇಕು. ಇನ್ನೊಂದು ಸ್ವಲ್ಪ ಅನ್ನೋ ಹಾಗಿಲ್ಲ."

ನಗು ಹೋಯಿತು. "ಹೆರೆಯೋನು ನಾನು. ಎಲ್ಲಿ ನಿಲ್ಲಿಸಬೇಕು ಅಂತ ನನಗೆ ಗೊತ್ತಿಲ್ವಾ?"

"ಗ್ರಂಥಿ ಎಷ್ಟು ಉಳಿದಿದೆ ಅನ್ನೋದು ನಿಮಗೆ ಕಾಣುತ್ತೆ. ನೀರು ಎಷ್ಟು ಒಳಗೆ ಹೋಗಿದೆ ಅನ್ನೋದು ಅಲ್ಲಿಂದ ಕಾಣಲ್ಲ."

ಅವರು ಯಂತ್ರವನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ಮೂರು ದಿನ ನನ್ನನ್ನು ಕರೆಸಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅವರೇ ನಮ್ಮ ಮನೆಗೆ ಸ್ಕೂಟರಿನಲ್ಲಿ ಬಂದು, ಬಾಗಿಲಲ್ಲೇ ನಿಂತು, "ಆಯ್ತು ಮೇಡಂ. ನೀವು ಅಂದ್ರೆ ನಿಲ್ಲಿಸ್ತೀನಿ," ಎಂದರು. ಕಾಫಿ ಕುಡಿಯಿರಿ ಎಂದರೂ ನಿಲ್ಲಲಿಲ್ಲ.

ಆ ಯಂತ್ರದ ಮುಂದೆ ಮೊದಲು ಮಲಗಿದವರು ಮಹಾಲಿಂಗಪ್ಪ. ನನ್ನಿವಾಳದ ಕಡೆ ಹೊಲ, ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು ಇದ್ದ ಶ್ರೀಮಂತರು. ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ. ಜೀವಮಾನದಲ್ಲಿ ಮದ್ಯ ಮುಟ್ಟಿದವರಲ್ಲ. ಕುಡಿದು ಬಂದ ಆಳನ್ನು ಮಿಲ್ಲಿನ ಗೇಟಿನೊಳಗೆ ಬಿಟ್ಟುಕೊಂಡವರಲ್ಲ. ಅವರಿಗೆ ಹೇಳುವುದು ಬೇಡ ಎಂದು ಶಿವಶಂಕರ ಸೂಚಿಸಿದರು. "ಸೂಜಿ ಚುಚ್ಚೋ ಮೊದಲು ಸ್ಪಿರಿಟ್ ಹಚ್ಚಲ್ವಾ? ಇದೂ ಹಾಗೇ." ಹಾಗಲ್ಲ ಎಂದು ನನಗನ್ನಿಸಿತು. ಹಿಂದಿನ ದಿನ ಅವರ ಮುಂದೆ ಕೂತು ಎಲ್ಲವನ್ನೂ ಹೇಳಿದೆ.

ಅವರು ಕೊರಳಿನ ಲಿಂಗವನ್ನು ಮುಟ್ಟಿಕೊಂಡರು.

"ಅದು ಇಲ್ಲದೆ ಆಗಲ್ವೇನ್ರಿ ಡಾಕ್ಟ್ರಮ್ಮಾರೆ?"

"ಆಗುತ್ತೆ. ಆದ್ರೆ ನೀರು ಒಳಗೆ ಹೋದ್ರೆ ನಮಗೆ ತಡವಾಗಿ ಗೊತ್ತಾಗುತ್ತೆ." ಹೆಸರು ಹೇಳದೆ, ಕಣ್ಣು ಕಾಣದೆ ಹೋದ ನೇಕಾರರ ಸಂಗತಿ ಹೇಳಿದೆ.

"ಮೈಗೆ ಅಮಲು ಏರ್ತೈತಾ?"

"ಅಷ್ಟಾಗೋಕೆ ಮುಂಚೆ ನಿಲ್ಲಿಸ್ತೀವಿ."

"ನನ್ನ ಬಾಯಿ ವಾಸನೆ ಬಂದ್ರೆ ಮನೆಯವಳು ಹತ್ರ ಸೇರಿಸಲ್ಲ, ಅದೊಂದು ಹೇಳ್ಬಿಡ್ತೀನಿ." ಆಮೇಲೆ ಹೇಳಿದರು, "ಔಷಧಿ ಅಂದ್ರೆ ಔಷಧಿ. ಮುಚ್ಚಿಟ್ಟು ಮಾಡಿದ್ರೆ ನಾನು ಸುಮ್ಮನಿರ್ತಿರಲಿಲ್ಲ. ಹೇಳಿದ್ರಲ್ಲ, ಮಾಡ್ರಿ."

ಮಹಾಲಿಂಗಪ್ಪನವರ ಗ್ರಂಥಿ ದೊಡ್ಡದಿತ್ತು. ಆಪರೇಷನ್ ನಡೆಯುತ್ತಿದ್ದಂತೆ ಅವರು ಶೇಂಗಾ ಧಾರಣೆಯ ಬಗ್ಗೆ ಮಾತಾಡುತ್ತ, ನಾನು ಹೇಳಿದಾಗಲೆಲ್ಲ ಯಂತ್ರಕ್ಕೆ ಊದುತ್ತಿದ್ದರು. ಬಹಳ ಹೊತ್ತು ಯಂತ್ರದ ಮುಳ್ಳು ಏಳಲಿಲ್ಲ. ಆಮೇಲೆ ಒಂದು ಸಲ ಎದ್ದಿತು. ಮುಂದಿನ ಸಲ ಇನ್ನೂ ಮೇಲೆ ಹೋಯಿತು. ಅವರ ಮಾತಿನಲ್ಲಿ, ನಾಡಿಯಲ್ಲಿ ಏನೂ ವ್ಯತ್ಯಾಸವಿಲ್ಲ. ಆಕಳಿಕೆ ಇಲ್ಲ, ಸಂಕಟವಿಲ್ಲ. ಹೊರಗಿನಿಂದ ನೋಡಿದರೆ ಆರಾಮಾಗಿದ್ದ ಮನುಷ್ಯ.

"ಸರ್, ನಿಲ್ಲಿಸಿ."

ಶಿವಶಂಕರರ ಭುಜ ಬಿಗಿಯಿತು. ಹತ್ತು ನಿಮಿಷ ಸಿಕ್ಕಿದ್ದರೆ ಪೂರ್ತಿ ಮುಗಿಯುತ್ತಿತ್ತು ಎಂದು ನನಗೂ ಗೊತ್ತಿತ್ತು. ಎಣ್ಣೆ ಮಿಲ್ಲಿನ ಮಾಲೀಕರ ಆಪರೇಷನ್ ಅರ್ಧಂಬರ್ಧ ಆಯಿತೆಂದರೆ ಊರು ಏನನ್ನುತ್ತದೆ ಎಂಬುದೂ ಗೊತ್ತಿತ್ತು. ಅವರು ಕೊಳವೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. ಆಮೇಲೆ ಕರೆಂಟು ಹರಿಸುವ ಪೆಡಲಿನ ಮೇಲಿಂದ ಕಾಲು ತೆಗೆದರು.

ಮಧ್ಯಾಹ್ನ ಚಿತ್ರದುರ್ಗದಿಂದ ರಕ್ತದ ವರದಿ ಬಂತು. ಉಪ್ಪು ಇಳಿದಿತ್ತು, ಆದರೆ ಸ್ವಲ್ಪವೇ. ಚಿಕಿತ್ಸೆಯೇ ಬೇಕಾಗದಷ್ಟು. ಶಿವಶಂಕರ ಚೀಟಿಯನ್ನು ಎರಡು ಸಲ ಓದಿ ಜೇಬಿಗೆ ಹಾಕಿಕೊಂಡರು. ನಾಲ್ಕನೆಯ ದಿನ ಟ್ಯೂಬು ತೆಗೆದಾಗ ಮಹಾಲಿಂಗಪ್ಪನವರಿಗೆ ಮೂತ್ರ ಸರಾಗವಾಗಿ ಹೋಯಿತು. ಉಳಿದದ್ದು ಅಡ್ಡಿ ಮಾಡಲಿಲ್ಲ.

ಭಾದ್ರಪದ ಕಳೆದು ಆಶ್ವಯುಜ ಬಂತು. ಆ ಸಲ ಹಿಂಗಾರು ತಕ್ಕಮಟ್ಟಿಗೆ ಸುರಿಯಿತು. ಹೊಲಗಳಲ್ಲಿ ಶೇಂಗಾ ಕೀಳುವ ಕೆಲಸ ಶುರುವಾಗಿ ಮಿಲ್ಲುಗಳ ಮುಂದೆ ಗಾಡಿಗಳು ಸಾಲುಗಟ್ಟಿದವು. ನಾವು ಇನ್ನೂ ಕೆಲವು ಮುದುಕರಿಗೆ ಇದೇ ರೀತಿ ಆಪರೇಷನ್ ಮಾಡಿದೆವು. ಎರಡು ಸಲ ನಡುವೆ ನಿಲ್ಲಿಸಿದೆವು. ಯಾರ ಕಣ್ಣೂ ಕತ್ತಲಾಗಲಿಲ್ಲ. ಆದರೆ ನರಸಿಂಹಪ್ಪ ಬರಲಿಲ್ಲ. ಟ್ಯೂಬು ಬದಲಾಯಿಸಲೂ ಬರಲಿಲ್ಲ.

ಒಂದು ಭಾನುವಾರ ಶಿವಶಂಕರ, "ಮೊಳಕಾಲ್ಮೂರಿಗೆ ಹೋಗೋಣ ಬನ್ನಿ," ಎಂದರು. ಈ ಸುದ್ದಿ ಮಹಾಲಿಂಗಪ್ಪನವರಿಗೆ ಹೇಗೋ ತಿಳಿಯಿತು. "ನನ್ನ ಗಾಡೀಲೇ ಹೋಗಾಣ. ಆ ಯಪ್ಪನ್ನ ನಾನೂ ನೋಡ್ಬೇಕು," ಎಂದು ತಮ್ಮ ಅಂಬಾಸಿಡರ್ ತಂದರು. ತಳಕು ದಾಟುವಾಗ ಶಿವಶಂಕರ ತಂದೆಯ ಅಂಗಡಿ ಇದ್ದ ಜಾಗ ತೋರಿಸಿದರು. ಆಚೆ ಬಂಡೆ ಪೇರಿಸಿಟ್ಟಂತಹ ಗುಡ್ಡಗಳು. ಮಳೆ ತೊಳೆದ ಬಂಡೆಗಳು ಅಂದು ಕಪ್ಪಗೆ ಹೊಳೆಯುತ್ತಿದ್ದವು.

ನರಸಿಂಹಪ್ಪನವರ ಮನೆಯ ನಡುಕೋಣೆಯಲ್ಲೇ ಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲಿಳಿಬಿಟ್ಟು ಕೂತು ನೇಯುವಂಥದ್ದು. ಅರ್ಧ ನೇಯ್ದ ಸೀರೆಯ ಮೇಲೆ ಹಳೇ ಪಂಚೆ ಹೊದಿಸಿತ್ತು. ಅವರು ಪಕ್ಕದಲ್ಲಿ ಚಾಪೆಯ ಮೇಲೆ ಮಲಗಿದ್ದರು. ಟ್ಯೂಬು ಇಟ್ಟುಕೊಂಡು ಕುಣಿಯೊಳಗೆ ಇಳಿಯಲಾಗುತ್ತಿರಲಿಲ್ಲ. ಇಳಿದರೆ ಎಳೆತ, ನೋವು, ರಕ್ತ. ಎರಡು ಸಲ ಚಳಿಜ್ವರ ಬಂದು ಹೋಗಿತ್ತು. ಶ್ರಾವಣದಲ್ಲಿ ಕಂಡಿದ್ದಕ್ಕಿಂತ ಅರ್ಧವಾಗಿದ್ದರು.

ರಾಮಕ್ಕ ಚಾಪೆ ಹಾಸಿದರು, ನೀರು ಕೊಟ್ಟರು, ಆದರೆ ಮುಖ ಕೊಟ್ಟು ಮಾತಾಡಲಿಲ್ಲ. ಶಿವಶಂಕರ ಬಂದ ವಿಷಯ ಹೇಳಿದರು. ಏನೇನು ಬದಲಾಯಿಸಿದ್ದೇವೆ ಎಂದು ವಿವರಿಸಿದರು.

"ಇನ್ನೊಂದ್ಸಲ ಕಣ್ಣು ಹೋದ್ರೆ?" ರಾಮಕ್ಕ ಅಲ್ಲಿಗೇ ತಡೆದು ಕೇಳಿದರು.

ಶಿವಶಂಕರ ನೆಲ ನೋಡುತ್ತ ಹೇಳಿದರು, "ಹೋಗೋದೇ ಇಲ್ಲ ಅಂತ ಆಣೆ ಮಾಡಕ್ಕಾಗಲ್ಲ ತಾಯಿ. ಹೋದ್ಸಲ ಮೇಡಂ ನಿಲ್ಲಿಸಿ ಅಂದ್ರು, ನಾನು ಇನ್ನೊಂದು ಸ್ವಲ್ಪ ಅಂದೆ. ಈ ಸಲ ಅನ್ನಲ್ಲ."

ಆಗ ಮಹಾಲಿಂಗಪ್ಪ ಗಂಟಲು ಸರಿಮಾಡಿಕೊಂಡರು.

"ನೋಡಪ್ಪಾ, ನಾನು ಹುಟ್ಟಿದಾಗಿಂದ ಹೆಂಡ ಮುಟ್ಟಿದೋನಲ್ಲ. ಇವ್ರು ನನಗೆ ಕುಡಿಸಿದ್ರು. ಅದೂ ಬಾಯಿಂದ ಅಲ್ಲ, ಕೆಳಗಿಂದ! ಆಮೇಲೆ ಊದು ಅಂತ ಮಿಷನ್ ಬೇರೆ ಹಿಡಿದ್ರು. ನಾನೇ ತಡ್ಕಂಡಿದ್ದೀನಿ, ನೀನು ತಡ್ಕಳಲ್ವಾ?"

ನರಸಿಂಹಪ್ಪ ನಗಲು ಶುರು ಮಾಡಿದರು. ನಕ್ಕಾಗ ಟ್ಯೂಬು ಎಳೆದು ನೋವಾಗಿ "ಅಮ್ಮಾ" ಎಂದರು, ಮತ್ತೆ ನಕ್ಕರು. ರಾಮಕ್ಕನಿಗೂ ನಗು ತಡೆಯಲಾಗಲಿಲ್ಲ. ಅದನ್ನು ಮುಚ್ಚಿಕೊಳ್ಳಲು ಅಡುಗೆಮನೆಗೆ ಹೋದರು. ಒಳಗಿನಿಂದಲೇ ಕೇಳಿದರು, "ಯಾವತ್ತು ಬರ್ಬೇಕು?"

ದೀಪಾವಳಿಗೆ ಮುಂಚಿನ ವಾರ ಬಂದರು. ಮೊದಲು ಜ್ವರ ಪೂರ್ತಿ ಇಳಿಸಿ, ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ಟೇಬಲ್ಲಿಗೆ ಕರೆದೊಯ್ದೆವು. ಬೆನ್ನಿಗೆ ಸೂಜಿ ಕೊಟ್ಟು ಮಲಗಿಸಿದಾಗ ಅವರು ಮೇಲಿನ ದೀಪದಿಂದ ಕಣ್ಣು ಕೀಳಲೇ ಇಲ್ಲ. ನಾನು ಮಗ್ಗದ ವಿಷಯ ಎತ್ತಿದೆ. ಅವರಿಗೆ ಬೇಡವಾಗಿತ್ತು.

"ದೀಪದಾಗೆ ಆರು ಬಲ್ಬು ಐತೆ. ಒಂದು ಸುಟ್ಟೈತೆ," ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಸಿಸ್ಟರ್ ಮೂಗುಬೊಟ್ಟು ಕೆಂಪು ಹರಳು," ಎಂದರು. ಹೀಗೆ ಕಂಡದ್ದನ್ನೆಲ್ಲ ಒಂದೊಂದಾಗಿ ಹೇಳುತ್ತ ಹೋದರು. ನಾನು ತಡೆಯಲಿಲ್ಲ. ನಡುನಡುವೆ ಊದಿಸುತ್ತಿದ್ದೆ. ಮುಳ್ಳು ಕೆಳಗೇ ಇತ್ತು. ಬಹಳ ಹೊತ್ತಿನ ಮೇಲೆ ಚೂರು ಅಲುಗಿತು. ನಾನು ಬಾಯಿ ತೆರೆಯುವ ಮೊದಲೇ ಟೇಬಲ್ಲಿನ ಆ ತುದಿಯಿಂದ ದನಿ ಬಂತು.

"ಮೇಡಂ, ಎಷ್ಟಿದೆ?"

ಶಿವಶಂಕರ ತಾವಾಗಿ ಕೇಳಿದ್ದು ಅದೇ ಮೊದಲ ಸಲ. ಹೇಳಿದೆ. ಇನ್ನೂ ನಿಲ್ಲಿಸಬೇಕಾದಷ್ಟು ಆಗಿಲ್ಲ ಎಂದೂ ಹೇಳಿದೆ.

"ಒಂದು ಎಸಳು ಉಳಿದಿದೆ," ಎಂದರು. ಪೆಡಲಿನಿಂದ ಕಾಲು ತೆಗೆದರು. "ಉಳೀಲಿ ಬಿಡಿ. ಸಾಕು."

ಮೂರು ದಿನ ಟ್ಯೂಬಿನಲ್ಲಿ ಉಪ್ಪುನೀರು ಹರಿಸಿ ತೊಳೆದೆವು. ಕೆಂಪು ತಿಳಿಗುಲಾಬಿಯಾಗಿ, ಆಮೇಲೆ ತಿಳಿಯಾಯಿತು. ನಾಲ್ಕನೆಯ ಬೆಳಿಗ್ಗೆ ಟ್ಯೂಬು ತೆಗೆದೆವು. ಮೊದಲ ಸಲವೂ ಇಲ್ಲಿಯವರೆಗೆ ಬಂದಿದ್ದೆವು. ರಾಮಕ್ಕ ಲೋಟದ ಮೇಲೆ ಲೋಟ ನೀರು ಕುಡಿಸಿದರು. ಹೊತ್ತು ಏರಿತು. ಶಿವಶಂಕರ ಬೇರೆ ರೋಗಿಗಳನ್ನು ನೋಡುವ ನೆಪದಲ್ಲಿ ಆ ವಾರ್ಡಿನ ಮುಂದೆ ಮತ್ತೆ ಮತ್ತೆ ಹಾದುಹೋದರು. ನನಗೆ ಅಂದು ಅಲ್ಲಿ ಕೆಲಸವಿರಲಿಲ್ಲ. ಆದರೂ ಹೋಗಿ ಸರೋಜಳ ಪಕ್ಕದಲ್ಲಿ ಕೂತಿದ್ದೆ.

ಕೊನೆಗೆ ನರಸಿಂಹಪ್ಪ ಎದ್ದು, ಗೋಡೆ ಹಿಡಿದುಕೊಂಡು, ಮೂಲೆಯ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ರಾಮಕ್ಕ ಬಾಗಿಲಿಗೆ ಕಿವಿಯಿಟ್ಟು ನಿಂತರು. ಬಹಳ ಹೊತ್ತು ಏನೂ ಕೇಳಲಿಲ್ಲ. ವಾರ್ಡಿನಲ್ಲಿದ್ದ ಬೇರೆ ರೋಗಿಗಳೂ ಮಾತು ನಿಲ್ಲಿಸಿದ್ದರು. ಶಿವಶಂಕರ ಬಾಗಿಲ ಹೊರಗೆ ಕಾಗದ ಓದುತ್ತಿರುವಂತೆ ನಿಂತಿದ್ದರು. ಆಮೇಲೆ ತಗಡಿನ ಬಕೆಟ್ಟಿಗೆ ನೀರು ಬಿದ್ದ ಸದ್ದು. ಮೊದಲು ತಡೆದು ತಡೆದು, ಆಮೇಲೆ ಒಂದೇ ಧಾರೆಯಾಗಿ.

ರಾಮಕ್ಕ ಅಲ್ಲೇ ನೆಲದ ಮೇಲೆ ಕುಸಿದು ಕೂತರು. ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಒಳಗಿನ ಸದ್ದು ನಿಲ್ಲದಿರುವುದನ್ನು ಕೇಳಿ ಗಾಬರಿಯಾಗಿ ಬಾಗಿಲು ಬಡಿದರು.

"ಏಮಯ್ಯಾ, ಆಯ್ತಾ? ಹೊರಗೆ ಬಾ!"

"ಉಂಡವೇ," ಎಂದು ಒಳಗಿನಿಂದ ತೆಲುಗಿನಲ್ಲಿ ಗದರಿದ ದನಿ ಬಂತು. "ಸ್ವಲ್ಪ ಇರು. ಇನ್ನಾ ಬರ್ತಾ ಐತೆ."